ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಚಿಕಿತ್ಸೆ: ಒಪ್ಪುವ ಮುನ್ನ ಏನೇನು ಪರೀಕ್ಷಿಸಬೇಕು

ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಚಿಕಿತ್ಸೆ ಕೊಡುವವರನ್ನು ಮೊದಲು ಕೇಳಬೇಕಾದ್ದು, ಹಾಕುವ ಕೋಶ ಯಾವುದು ಮತ್ತು ಎಲ್ಲಿಗೆ ಹಾಕುತ್ತೀರಿ ಎಂದು. "ನಿಮ್ಮದೇ ಕೊಬ್ಬಿನಿಂದ ತೆಗೆದು ಕೈಯ ನರಕ್ಕೆ ಡ್ರಿಪ್ ಕೊಡುತ್ತೇವೆ" ಎಂದರೆ ಮುಂದುವರಿಯಬೇಡಿ. ಹಾಗೆ ಬಿಟ್ಟ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಾಗಿ ಅವು ಮಾರ್ಪಡುತ್ತವೆ ಎನ್ನಲು ಆಧಾರವಿಲ್ಲ.

ಫಲ ಕಂಡಿರುವ ವಿಧಾನವೇ ಬೇರೆ. ಅಲ್ಲಿ ಸ್ಟೆಮ್ ಸೆಲ್‌ಗಳನ್ನು ಪ್ರಯೋಗಾಲಯದಲ್ಲೇ ಹಂತಹಂತವಾಗಿ ಐಲೆಟ್ ಕೋಶಗಳ (ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿರುವ ಗುಂಪು) ಗುಚ್ಛಗಳನ್ನಾಗಿ ಬೆಳೆಸಿ, ಆಮೇಲೆ ದೇಹಕ್ಕೆ ಸೇರಿಸುತ್ತಾರೆ. ಜಿಮಿಸ್ಲೆಸೆಲ್ ಎಂಬುದು ಇಂಥದೊಂದು ಚಿಕಿತ್ಸೆ. 2025ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ ಲಿವರ್‌ನ ಪೋರ್ಟಲ್ ರಕ್ತನಾಳಕ್ಕೆ ಸುಮಾರು 80 ಕೋಟಿ ಕೋಶಗಳನ್ನು ಒಂದೇ ಸಲ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಎಲ್ಲರೂ ಟೈಪ್ 1ರವರು (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದವರು), ಸಕ್ಕರೆ ಅಪಾಯಮಟ್ಟಕ್ಕೆ ಕುಸಿಯುತ್ತಿದ್ದವರು. ಟೈಪ್ 2ಕ್ಕೆ (ಇನ್ಸುಲಿನ್ ತಯಾರಾದರೂ ಸಾಲದ ಅಥವಾ ಸರಿಯಾಗಿ ಕೆಲಸ ಮಾಡದ ಬಗೆ) ಈ ಅಂಕಿ ತೋರಿಸಿ ಹಣ ಕೇಳುವುದು ಅನ್ಯಾಯ. ಹೊರಗಿನ ಕೋಶವನ್ನು ದೇಹ ತಿರಸ್ಕರಿಸದಿರಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನಿರಂತರವಾಗಿ ಬೇಕು. ಅದೇ ಪ್ರಯೋಗದಲ್ಲಿ ಒಬ್ಬರು ಮಿದುಳುಪೊರೆಯ ಶಿಲೀಂಧ್ರ ಸೋಂಕಿನಿಂದ ತೀರಿಕೊಂಡರು. "ಅಡ್ಡಪರಿಣಾಮವೇ ಇಲ್ಲ" ಎಂಬ ಮಾತನ್ನು ನಂಬಬೇಡಿ.

ಇನ್ನು ಅಳತೆ. ಸಕ್ಕರೆ ಇಳಿದ ಮಾತ್ರಕ್ಕೆ ಚಿಕಿತ್ಸೆ ಫಲಿಸಿತು ಎನ್ನಲಾಗದು. ಪಥ್ಯ, ಮಾತ್ರೆ, ಇನ್ಸುಲಿನ್ ಯಾವುದರಿಂದಲೂ ಅದು ಇಳಿಯುತ್ತದೆ. ನೋಡಬೇಕಾದ್ದು ರಕ್ತದಲ್ಲಿರುವ ಸಿ-ಪೆಪ್ಟೈಡ್ ಎಂಬ ಅಂಶವನ್ನು. ದೇಹ ತಾನೇ ಇನ್ಸುಲಿನ್ ತಯಾರಿಸಿದಾಗ ಅಷ್ಟೇ ಪ್ರಮಾಣದಲ್ಲಿ ಇದೂ ಹೊರಬರುತ್ತದೆ, ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಖಾಲಿ ಹೊಟ್ಟೆಯಲ್ಲೊಮ್ಮೆ, ನಿಗದಿತ ಪೌಷ್ಟಿಕ ಪಾನೀಯ ಕುಡಿದು 90 ನಿಮಿಷಕ್ಕೆ ಇನ್ನೊಮ್ಮೆ ರಕ್ತ ಕೊಡಿ. ಎರಡೂ ಸಲ ಗ್ಲೂಕೋಸ್ ಕೂಡ ಅಳೆಸಿ: ಸಕ್ಕರೆ ತೀರಾ ಕಡಿಮೆ ಇದ್ದರೆ ಸಿ-ಪೆಪ್ಟೈಡ್ ಸಹ ಕಡಿಮೆ ಕಾಣುತ್ತದೆ. ಕಿಡ್ನಿ ಸೋತವರಲ್ಲಿ ಅದು ಹೊರಹೋಗದೆ ಉಳಿದು ಹೆಚ್ಚಾಗಿ ತೋರುತ್ತದೆ. ಚಿಕಿತ್ಸೆಗೆ ಮುಂಚಿನ ವರದಿ ಕೈಯಲ್ಲಿಲ್ಲದಿದ್ದರೆ ನಂತರದ್ದನ್ನು ಹೋಲಿಸಲು ಏನೂ ಇರುವುದಿಲ್ಲ.

ಟೈಪ್ 1 ಹೊಸದಾಗಿ ಪತ್ತೆಯಾದವರು ಇನ್ನೂ ಎಚ್ಚರ ವಹಿಸಬೇಕು. ಇನ್ಸುಲಿನ್ ಶುರುವಾದ ಮೇಲೆ ಕೆಲವು ತಿಂಗಳು ಅದರ ಅಗತ್ಯ ತಾನಾಗಿಯೇ ತಗ್ಗುವುದುಂಟು. ಆಗ ಯಾವ ಚಿಕಿತ್ಸೆ ಕೊಟ್ಟರೂ ಫಲಿಸಿದಂತೆಯೇ ಕಾಣುತ್ತದೆ.

ಇದು ಪ್ರಯೋಗ ಎಂದು ಅವರು ಹೇಳಿದರೆ ಅದರ ನೋಂದಣಿ ಸಂಖ್ಯೆ ಕೇಳಿ, ವೈದ್ಯಕೀಯ ಪ್ರಯೋಗಗಳ ನೋಂದಣಿ ತಾಣದಲ್ಲಿ ನೀವೇ ಹುಡುಕಿ ನೋಡಿ. ನೋಂದಣಿ ಆಗಿದೆ ಎಂದರೆ ಅನುಮೋದನೆ ಸಿಕ್ಕಿದೆ ಎಂದಲ್ಲ.

ಏನೇ ಆದರೂ ಯಾರದೋ ಮಾತು ಕೇಳಿ ಟೈಪ್ 1ರವರು ಇನ್ಸುಲಿನ್ ನಿಲ್ಲಿಸಬಾರದು. ಒಂದೆರಡು ದಿನದೊಳಗೇ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ಕೊಬ್ಬು ಕರಗಿ ಬರುವ ಆಮ್ಲೀಯ ಅಂಶ) ಏರಿ ಪ್ರಾಣಕ್ಕೆ ಕುತ್ತು ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ತುರ್ತು ವಿಭಾಗಕ್ಕೆ ಹೋಗಿ.