ಆರ್‌ಡಿ 350ರ ಎರಡು ಕಾರ್ಬುರೇಟರ್: ಶಿರಸಿಯಲ್ಲಿ ಕೂರಿಸಿದೆ, ಕುಮಟಾದಲ್ಲಿ ಹೊಂದಿಸಿದೆ

ನನ್ನ ಗಾಡಿ ರಾಜದೂತ್ 350. ಯಮಾಹಾ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮ ದೇಶಕ್ಕೆ ತಂದದ್ದು ಈ ಹೆಸರಿನಲ್ಲಿ. 347 ಸಿಸಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಎರಡು ಸೈಲೆನ್ಸರ್. ಕಷ್ಟ ಇರುವುದು ಈ ಎರಡರಲ್ಲೇ. ಕಾರ್ಬುರೇಟರ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಎರಡೂ ಕಡೆಗೆ ಒಂದೇ ಸಮ ಗಾಳಿ, ಒಂದೇ ಸಮ ಪೆಟ್ರೋಲ್ ಹೋಗಬೇಕು. ಒಂದು ಕಡೆ ಸ್ವಲ್ಪ ಹಿಂದೆ ಬಿದ್ದರೆ ಇನ್ನೊಂದು ಸಿಲಿಂಡರ್ ಅದನ್ನು ಹೊತ್ತುಕೊಂಡು ಓಡುತ್ತದೆ. ಓಡಿಸುವವನಿಗೆ ಅದು ಬೇಗ ಗೊತ್ತಾಗುವುದಿಲ್ಲ.

ನನಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ದೇವಿಮನೆ ಘಟ್ಟದಲ್ಲಿ. ಡಿಸೆಂಬರ್ ತಿಂಗಳ ಬೆಳಿಗ್ಗೆ, ಶಿರಸಿಯಿಂದ ಕುಮಟಾಕ್ಕೆ ಇಳಿಯುತ್ತಿದ್ದೆ. ಘಟ್ಟ ಮುಗಿಯುವ ಹೊತ್ತಿಗೆ ಗಾಡಿ ಯಾರೋ ಹಿಂದಿನಿಂದ ಎಳೆದ ಹಾಗೆ ಬಿಗಿಯಿತು. ತಕ್ಷಣ ಕ್ಲಚ್ ಹಿಡಿದೆ. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಆದರೆ ಎಡಗಡೆ ಕರಕರ ಸದ್ದು. ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ ಮೇಲೆ ಉದ್ದುದ್ದ ಗೀರು, ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಪುಣ್ಯಕ್ಕೆ ಬೋರ್ ಉಳಿಯಿತು. ಹೋನಿಂಗ್ ಮಾಡಿಸಿ (ಒಳಮೈ ಉಜ್ಜಿಸಿ) ಹೊಸ ಪಿಸ್ಟನ್, ರಿಂಗ್ ಹಾಕಿಸಿದೆ.

ಕಾರಣ ಹುಡುಕದೆ ಮತ್ತೆ ಓಡಿಸಿದರೆ ಮತ್ತೆ ಅದೇ ಆಗುತ್ತದೆ, ಅಲ್ವಾ? ಮೊದಲ ಸುಳಿವು ಕೊಟ್ಟವರು ಚಿಕ್ಕಪ್ಪ. ಗಾಡಿ ಮೊದಲು ಅವರದ್ದೇ. ಅಂಗಳದಲ್ಲಿ ಗಾಡಿ ಸ್ಲೋದಲ್ಲಿ ಓಡುತ್ತಿತ್ತು. ಎರಡು ಸೈಲೆನ್ಸರಿನ ಬುಡಕ್ಕೂ ಕೈ ಹತ್ತಿರ ಒಯ್ದು ನೋಡಿ, "ತಮಾ, ಒಂದು ಬದಿ ಕೈ ಸುಡ್ತು, ಇನ್ನೊಂದು ಬದಿ ಬರೀ ಬೆಚ್ಚಗೆ ಇದ್ದು" ಎಂದರು. ಆಮೇಲೆ ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವೆ ಇರುವ ರಬ್ಬರಿನ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದೆ. ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು, ಅದು ಬೆಂಕಿ ಹತ್ತುವ ವಸ್ತು. ಬಲಗಡೆ ಹೊಡೆದಾಗ ಏನೂ ಆಗಲಿಲ್ಲ. ಎಡಗಡೆ ಹೊಡೆದ ಕೂಡಲೇ ಎಂಜಿನ್ ಸದ್ದು ಬದಲಾಯಿತು. ರಬ್ಬರಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಗಾಳಿ ಕದ್ದು ಒಳಗೆ ಹೋಗುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಪಿಸ್ಟನ್ ಕಾದು ಬಿಗಿಯಿತು.

ರಬ್ಬರ್ ಮಾತ್ರ ಬದಲಿಸಿದರೆ ಸಾಕಾಗುತ್ತಿರಲಿಲ್ಲ. ಹಳೆಯ ಕಾರ್ಬುರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡುಗಳು ಸವೆದು ಒಳಗೆ ಟಕಟಕ ಅನ್ನುತ್ತಿದ್ದವು. ನಮ್ಮ ಮಳೆಗಾಲದ ತೇವಕ್ಕೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನೊಳಗೆ ಬಿಳಿ ಪುಡಿ ಕಟ್ಟಿತ್ತು. ಎಕ್ಸಲೇಟರ್ ಕೇಬಲ್ ಒಳಗೂ ತುಕ್ಕು. ಹಾಗಾಗಿ ಎರಡು ಹೊಸ ಮಿಕುನಿ ವಿಎಂ 28 ಕಾರ್ಬುರೇಟರ್, ಎರಡು ಹೊಸ ರಬ್ಬರ್, ರೇಸ್ ಕೊಡುವ ಹೊಸ ಗ್ರಿಪ್ ಸೆಟ್, ಹೊಸ ಕೇಬಲ್ ಎಲ್ಲವನ್ನೂ ಒಟ್ಟಿಗೇ ಹಾಕುವುದೆಂದು ತೀರ್ಮಾನಿಸಿದೆ.

ಇಲ್ಲೊಂದು ತಪ್ಪು ಮಾಡಿದೆ. ಮೊದಲು ಕಡಿಮೆ ಬೆಲೆಗೆ ಸಿಕ್ಕ ನಕಲಿ ಜೋಡಿ ತರಿಸಿದ್ದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಣುಕಿಗೆ ಜೆಟ್ ಎನ್ನುತ್ತಾರೆ. ಎರಡು ಮೇನ್ ಜೆಟ್ ಮೇಲೂ ಒಂದೇ ನಂಬರ್ ಒತ್ತಿದ್ದರು. ಬೆಳಕಿಗೆ ಹಿಡಿದು ನೋಡಿದರೆ ತೂತು ಬೇರೆ ಬೇರೆ. ಒಂದೇ ಸಿಲಿಂಡರಿನ ಗಾಡಿಯಾದರೆ ಹೇಗೋ ಸುಧಾರಿಸಬಹುದು, ಇದಕ್ಕೆ ಆಗುವುದಿಲ್ಲ. ಅವನ್ನು ವಾಪಸ್ ಕಳಿಸಿ, ಎರಡು ತಿಂಗಳು ದುಡ್ಡು ಕೂಡಿಸಿ ಅಸಲಿ ತರಿಸಿದೆ. ಜೊತೆಗೆ 140ರಿಂದ 160ರವರೆಗೆ ಮೇನ್ ಜೆಟ್, ಎಲ್ಲವೂ ಜೋಡಿ ಜೋಡಿ.

ಕೂರಿಸುವ ಕೆಲಸ ಒಂದು ಮಧ್ಯಾಹ್ನದ್ದು. ಕೇಬಲ್ ಎಳೆಯುವಾಗ ಮಾತ್ರ ನಿಧಾನ ಮಾಡಿದೆ. ಗ್ರಿಪ್ಪಿನಿಂದ ಒಂದೇ ಕೇಬಲ್ ಬರುತ್ತದೆ, ಟ್ಯಾಂಕಿನ ಕೆಳಗೆ ಒಂದು ಸಣ್ಣ ಡಬ್ಬಿಯಲ್ಲಿ ಎರಡಾಗಿ ಒಡೆಯುತ್ತದೆ. ಎಲ್ಲೂ ಚೂಪಾಗಿ ಬಾಗಬಾರದು, ಟ್ಯಾಂಕ್ ಅದನ್ನು ಒತ್ತಬಾರದು. ಗ್ರಿಪ್ಪಿಗೆ ಒಂದೆರಡು ಮಿಲಿಮೀಟರ್ ಸಡಿಲ ಬಿಟ್ಟೆ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಲೇಬೇಕು. ತಿರುಗಿಸುವಾಗ ರೇಸ್ ತಾನಾಗಿ ಏರಿದರೆ ಕೇಬಲ್ ಎಲ್ಲೋ ಬಿಗಿಯಾಗಿದೆ ಎಂದರ್ಥ. ಘಟ್ಟದ ತಿರುವಿನಲ್ಲಿ ಹಾಗಾದರೆ ಜೀವಕ್ಕೇ ಕುತ್ತು. ಗ್ರಿಪ್ ಬಿಟ್ಟ ಕೂಡಲೇ ಎರಡೂ ಸ್ಲೈಡ್ ಟಪ್ ಎಂದು ಕೆಳಗೆ ಬೀಳಬೇಕು.

ಆಮೇಲೆ ಬಂದದ್ದು ನನಗೆ ಅತ್ಯಂತ ಇಷ್ಟವಾದ ಕೆಲಸ, ಎರಡನ್ನೂ ಸಮ ಮಾಡುವುದು. ಗೇಜ್ ಇಲ್ಲ. ಸೈಕಲ್ ಚಕ್ರದ ಒಂದೇ ಕಡ್ಡಿಯನ್ನು ಎರಡು ತುಂಡು ಮಾಡಿದೆ. ಏರ್ ಫಿಲ್ಟರಿನ ಕಡೆ ಬಿಚ್ಚಿ, ಸ್ಲೋ ಸ್ಕ್ರೂ ಎರಡನ್ನೂ ಪೂರ್ತಿ ಸಡಿಲಿಸಿ, ಒಂದೊಂದು ಸ್ಲೈಡಿನ ಅಡಿಗೆ ಒಂದೊಂದು ಕಡ್ಡಿ ಸಿಕ್ಕಿಸಿದೆ. ಈಗ ಗ್ರಿಪ್ಪನ್ನು ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಬೇಕು. ಸ್ಲೈಡ್ ಮೇಲೆದ್ದ ಕ್ಷಣ ಕಡ್ಡಿ ಜಾರಿ ಬೀಳುತ್ತದೆ. ಮೊದಲ ಸಲ ಬಲದ್ದು ಬಿತ್ತು, ಎಡದ್ದು ಹಾಗೇ ನಿಂತಿತ್ತು. ಎಡ ಕಾರ್ಬುರೇಟರಿನ ತಲೆಯ ಮೇಲಿನ ಅಡ್ಜಸ್ಟರನ್ನು ಕಾಲು ಸುತ್ತು ಮೇಲೆ ತಂದೆ. ಮತ್ತೆ ಕಡ್ಡಿ, ಮತ್ತೆ ಗ್ರಿಪ್. ಹನ್ನೊಂದನೇ ಸಲ ಎರಡೂ ಒಟ್ಟಿಗೆ ಉದುರಿದವು. ಲಾಕ್ ನಟ್ ಬಿಗಿ ಮಾಡಿ ಇನ್ನೊಮ್ಮೆ ನೋಡಿದೆ, ಯಾಕೆಂದರೆ ನಟ್ ಬಿಗಿ ಮಾಡುವಾಗಲೇ ಅಡ್ಜಸ್ಟರ್ ಜರುಗುತ್ತದೆ. ಸ್ಲೋ ಸ್ಕ್ರೂಗಳನ್ನು ಕೊನೆಗೆ, ಎರಡನ್ನೂ ಒಂದೇ ಅಳತೆಗೆ ತಿರುಗಿಸಿ, ಸೈಲೆನ್ಸರಿನ ತುದಿಗೆ ಎರಡು ಕೈ ಹಿಡಿದು ಹೊಗೆಯ ತಳ್ಳು ಸಮ ಇದೆಯಾ ಎಂದು ನೋಡಿಕೊಂಡೆ.

ನಿಮ್ಮ ಗಾಡಿಯಲ್ಲಿ ಆಯಿಲ್ ಪಂಪ್ ಇನ್ನೂ ಇದ್ದರೆ ಅದರ ಕೇಬಲ್ಲನ್ನೂ ಇದೇ ಹೊತ್ತಿಗೆ ಸರಿ ಮಾಡಿ. ಗ್ರಿಪ್ ತಿರುಗಿಸಿದ ಹಾಗೆ ಪಂಪೂ ಜಾಸ್ತಿ ಆಯಿಲ್ ಕೊಡಬೇಕು. ನನ್ನದರಲ್ಲಿ ಪಂಪ್ ಇಲ್ಲ. ಲೀಟರ್ ಪೆಟ್ರೋಲಿಗೆ 30 ಮಿಲಿ ಟೂಟಿ (ಟೂ ಸ್ಟ್ರೋಕ್) ಆಯಿಲ್ ಟ್ಯಾಂಕಿಗೇ ಹಾಕುತ್ತೇನೆ.

ಇನ್ನು ಜೆಟ್. ಗ್ರಿಪ್ ತಿರುಗಿಸಲು ಶುರು ಮಾಡಿದಾಗ ಸಣ್ಣ ಪೈಲಟ್ ಜೆಟ್ ಮತ್ತು ಗಾಳಿ ಹೊಂದಿಸುವ ಏರ್ ಸ್ಕ್ರೂ ಮಾತಾಡುತ್ತವೆ, ನಡುವೆ ಸ್ಲೈಡಿಗೆ ಸಿಕ್ಕಿಸಿದ ಸೂಜಿ, ಅಂದರೆ ನೀಡಲ್, ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಏರ್ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ ಇಟ್ಟೆ. ಮೇನ್ ಜೆಟ್ ದೊಡ್ಡದರಿಂದ ಶುರು ಮಾಡಿ ಸಣ್ಣದಕ್ಕೆ ಬರಬೇಕು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ ಅಷ್ಟೆ. ಕಡಿಮೆಯಾದರೆ ಪಿಸ್ಟನ್ ಹೋಗುತ್ತದೆ.

160ರಲ್ಲಿ ಗಾಡಿ ಮೇಲಿನ ರೇಸಿನಲ್ಲಿ ಬರಬರ ಅನ್ನುತ್ತಿತ್ತು. ಬನವಾಸಿ ರಸ್ತೆಯಲ್ಲಿ ಓಡಿಸಿ ಓಡಿಸಿ 145ಕ್ಕೆ ಬಂದೆ. ಪಿಕಪ್ ಚೆನ್ನಾಗಿತ್ತು, ಪ್ಲಗ್ ಕಾಫಿ ಬಣ್ಣ. ಇಲ್ಲಿಗೇ ಬಿಡಬಹುದಿತ್ತು. ಆದರೆ ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕೆಳಗೆ ಕುಮಟಾದಲ್ಲಿ ಗಾಳಿ ಇಲ್ಲಿಗಿಂತ ದಟ್ಟ. ಅದೇ ಜೆಟ್, ಆದರೆ ಒಳಗೆ ಹೋಗುವ ಗಾಳಿಯ ತೂಕ ಜಾಸ್ತಿ. ಅಂದರೆ ಶಿರಸಿಯಲ್ಲಿ ಸರಿಯಾಗಿದ್ದದ್ದು ಕುಮಟಾದಲ್ಲಿ ಸ್ವಲ್ಪ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲುವುದಿಲ್ಲ. ವ್ಯತ್ಯಾಸ ಹೆಚ್ಚೇನಿಲ್ಲ, ಒಂದು ಜೆಟ್ಟಿನಷ್ಟು. ತಣ್ಣನೆ ಬೆಳಿಗ್ಗೆ, ಖಾಲಿ ಹೆದ್ದಾರಿಯಲ್ಲಿ ಪೂರ್ತಿ ರೇಸ್ ಕೊಟ್ಟರೆ ಆ ಒಂದು ಜೆಟ್ಟೇ ಬೇಕಾಗುತ್ತದೆ. ಘಟ್ಟದ ಮೇಲಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಘಟ್ಟದ ಮೇಲೆ ಹೊಂದಿಸಿ ಕರಾವಳಿಗೆ ಇಳಿಯಬೇಡಿ, ಕರಾವಳಿಯಲ್ಲಿ ಹೊಂದಿಸಿ ಮೇಲೆ ಬನ್ನಿ.

ಹಾಗಾಗಿ ಒಂದು ಭಾನುವಾರ ಬೆಳಗಾಗುವ ಮೊದಲೇ ಪಾನಾ, ಪ್ಲಗ್, ಜೆಟ್ ಡಬ್ಬಿ ಕಟ್ಟಿಕೊಂಡು ಇಳಿದೆ. ಕುಮಟಾ ದಾಟಿ ಅಂಕೋಲಾ ಕಡೆಗೆ ಹೆದ್ದಾರಿಯಲ್ಲಿ, ಹಿಂದೆ ಯಾರೂ ಇಲ್ಲ ಎಂದು ನೋಡಿ, ಹೊಸ ಬಿ8ಎಚ್‌ಎಸ್ ಪ್ಲಗ್ ಹಾಕಿ ಮೂರನೇ ಗೇರಿನಲ್ಲಿ ಪೂರ್ತಿ ರೇಸ್ ಕೊಟ್ಟೆ. ಅಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ. ಸ್ಲೋದಲ್ಲಿ ಓಡಿಸಿಕೊಂಡು ಬಂದು ನೋಡಿದರೆ ಪ್ಲಗ್ ಸುಳ್ಳು ಹೇಳುತ್ತದೆ. 145ರಲ್ಲಿ ಎರಡೂ ಪ್ಲಗ್ ಬೂದು ಬಿಳಿ, ಅಂದರೆ ಪೆಟ್ರೋಲ್ ಕಡಿಮೆ. 150 ಹಾಕಿದೆ. ಎರಡೂ ಕಂದು, ಎರಡೂ ಒಂದೇ ಬಣ್ಣ. ಆ ಎರಡು ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಈ ನಂಬರ್ ನನ್ನ ಗಾಡಿಯದ್ದು ಮಾತ್ರ. ಸೈಲೆನ್ಸರ್, ಫಿಲ್ಟರ್ ಬೇರೆಯಾದರೆ ಜೆಟ್ಟೂ ಬೇರೆ.

ಘಟ್ಟ ಇಳಿಯುವ ರೀತಿಯನ್ನೂ ಬದಲಿಸಿದ್ದೇನೆ. ಆಯಿಲ್ ಪೆಟ್ರೋಲಿನ ಜೊತೆಗೇ ಬರುವ ಗಾಡಿಯಲ್ಲಿ ಗ್ರಿಪ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಸಾಕಷ್ಟು ಬರುವುದಿಲ್ಲ. ಡಿಸೆಂಬರಿನಲ್ಲಿ ಬಿರುಕು ಬಿಟ್ಟ ರಬ್ಬರಿನ ಜೊತೆ ಇದೂ ಸೇರಿತ್ತು. ಈಗ ಪ್ರತಿ ಒಂದೆರಡು ತಿರುವಿಗೊಮ್ಮೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಟ್ಟು ಬಿಡುತ್ತೇನೆ. ಹೊಸ ಕೇಬಲ್ ಹಗುರ, ಬೆರಳಿಗೆ ಆಯಾಸವೇ ಇಲ್ಲ.

ಜೂನ್ ಶುರುವಾದ ಮೇಲೆ ಗಾಡಿ ಹೊರಗೆ ತೆಗೆಯಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಎಳೆದುಕೊಳ್ಳುತ್ತದೆ. ಸುಮ್ನೆ ನಿಲ್ಲಿಸಿದರೆ ಮತ್ತೆ ಅದೇ ಬಿಳಿ ಪುಡಿ. ಎರಡೂ ಫ್ಲೋಟ್ ಬಟ್ಟಲು ಖಾಲಿ ಮಾಡಿ, ಕೇಬಲ್ಲಿನ ಮೇಲಿನ ತುದಿಗೆ ಎಣ್ಣೆ ಬಿಟ್ಟು, ಅಡಿಕೆ ಅಟ್ಟದ ಕೆಳಗೆ ಬೆಚ್ಚಗೆ ನಿಲ್ಲಿಸಿದ್ದೇನೆ. ಸೈಕಲ್ ಕಡ್ಡಿಯ ಎರಡು ತುಂಡು ಜೆಟ್ ಡಬ್ಬಿಯಲ್ಲೇ ಇವೆ.