ಗೋವಾದ ಧಗೆಗೆ ಯಾವ ಕೋಳಿ?

ಪಕ್ಕದ ಮನೆಗೆ ಹೊಸದಾಗಿ ಬಂದ ಹುಬ್ಬಳ್ಳಿ ಹುಡುಗಿ ಮೊನ್ನೆ ಕಾಂಪೌಂಡಿನ ಆಚೆಯಿಂದ ಫೋನ್ ಎತ್ತಿ ಹಿಡಿದು ತೋರಿಸಿದಳು. "ಕಾಕೂ, ಈ ಕೋಳಿ ನೋಡ್ರಿ, ಎಷ್ಟು ಚಂದ ಐತಿ! ತರ್ಲೇನು?" ಕಾಲ್ಬೆರಳಿನ ತನಕ ಪುಕ್ಕ, ಹತ್ತಿ ತುಂಬಿದ ದಿಂಬಿನಂಥ ಮೈ. ಬ್ರಹ್ಮಾ ಜಾತಿ. ಬ್ಯಾಡವೇ ಬ್ಯಾಡ ಅಂದೆ.

ಸುಮ್ನೆ ಹೇಳಿದ್ದಲ್ಲ. ಇಲ್ಲಿ ಗೋವಾದ ಫೋಂಡಾದಲ್ಲಿ ಕೆಲ ವರ್ಷದ ಹಿಂದೆ ನಾನೂ ಅಂದಕ್ಕೆ ಮರುಳಾಗಿ ಅವನ್ನೇ ನಾಲ್ಕು ತಂದಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಒಂದು ಹೇಂಟೆ ಹಲಸಿನ ಮರದ ಬುಡದಲ್ಲಿ ರೆಕ್ಕೆ ಅಗಲಿಸಿ, ಬಾಯಿ ತೆರೆದು ಕೂತಿತ್ತು. ಜುಟ್ಟು ಕಪ್ಪಿಟ್ಟಿತ್ತು. ಸಂಜೆ ಹೊತ್ತಿಗೆ ಸತ್ತೇ ಹೋಯಿತು. ಉಳಿದ ಮೂರಕ್ಕೆ ಮಳೆಗಾಲದಲ್ಲಿ ಬೇರೆ ಗೋಳು. ಕಾಲಿನ ಪುಕ್ಕಕ್ಕೆ ಕೆಂಪು ಕೆಸರು ಅಂಟಿ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಮಗ್ಗಿನಲ್ಲಿ ಬಿಸಿನೀರು ಇಟ್ಟುಕೊಂಡು ಒಂದೊಂದೇ ಕಾಲು ನೆನೆಸಿ ಬಿಡಿಸುವುದೇ ನನ್ನ ಕೆಲಸ ಆಗಿತ್ತು.

ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಒಳಗಿನ ಪಸೆ ಆರಿದರೆ ಮೈ ತಣ್ಣಗಾಗುತ್ತದೆ. ನಮ್ಮ ಧಾರವಾಡ, ಬಿಜಾಪುರದ ಒಣ ಬಿಸಿಲಲ್ಲಿ ಅದು ಆರುತ್ತದೆ. ಗೋವಾದ ಗಾಳಿಯಲ್ಲೇ ನೀರು ತುಂಬಿದೆ. ಮೇ ತಿಂಗಳಲ್ಲಿ ನಮ್ಮ ಕುಪ್ಪಸವೇ ಮೈಮೇಲೆ ಒಣಗುವುದಿಲ್ಲ, ಅಲ್ವಾ? ಅದೇ ಕಥೆ. ಹಾಗಾಗಿ ಇಲ್ಲಿಗೆ ಹಗುರ ಮೈ, ಬಿಗಿಯಾದ ಗರಿ, ಬೋಳು ಕಾಲು, ದೊಡ್ಡ ಕೆಂಪು ಜುಟ್ಟಿನ ಕೋಳಿ ನೋಡಬೇಕು. ಜುಟ್ಟು ಬರೀ ಅಲಂಕಾರ ಅಲ್ಲ, ಮೈಯ ಕಾವು ಅಲ್ಲಿಂದಲೂ ಹೊರಗೆ ಹೋಗುತ್ತದೆ.

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಗ್ರಾಮಪ್ರಿಯ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವರು ಹಿತ್ತಲಿಗೆಂದೇ ಬೆಳೆಸಿದ ತಳಿ. ಕಂದು ಬಣ್ಣದ ಮೊಟ್ಟೆ, ವರ್ಷಕ್ಕೆ 150ರ ಮೇಲೆಯೇ ಇಡುತ್ತದೆ. ಮೈ ಭಾರ ಇಲ್ಲ, ಸ್ವಭಾವವೂ ತಣ್ಣಗೆ. ಕರ್ನಾಟಕದವರೆಲ್ಲ ಮೊದಲು ಕೇಳುವುದು ಗಿರಿರಾಜ. ಹೆಬ್ಬಾಳದಲ್ಲಿ ಹುಟ್ಟಿದ ತಳಿ ಅಂತ ನನಗೂ ಅಭಿಮಾನ. ಆದರೆ ಮೈ ಭಾರ, ತಿನ್ನುವುದೂ ಜಾಸ್ತಿ. ಮಾಂಸಕ್ಕೂ ಬೇಕು ಅನ್ನುವವರಿಗೆ ಸರಿ. ಬಿಳಿ ಲೆಗಾರ್ನ್ ಧಗೆ ತಡೆಯುತ್ತದೆ, ಮೊಟ್ಟೆಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಬಲು ಪುಕ್ಕಲು, ಗೋಡೆ ಹಾರಿ ಪಕ್ಕದವರ ಅಂಗಳದಲ್ಲಿ ಇರುತ್ತದೆ. ಕರಿ ಮಾಂಸದ ಕಡಕನಾಥ್ ದುಬಾರಿ, ಮೊಟ್ಟೆ ಕಡಿಮೆ. ಮೊದಲಿಗೇ ಬೇಡ.

ನಾಲ್ಕು ಗ್ರಾಮಪ್ರಿಯದ ಜೊತೆ ಒಂದು ಜವಾರಿ ಹೇಂಟೆ ಇರಲಿ. ಬೆಂಗಳೂರಿನವರು ನಾಟಿ ಅಂತಾರೆ, ಇಲ್ಲಿ ಗಾಂವ್ಠಿ. ಅದು ಕೊಡುವುದು ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಅಷ್ಟೇ. ಆದರೆ ಸುಧಾರಿಸಿದ ತಳಿಗಳು ಕಾವಿಗೆ ಕೂರುವುದು ಅಪರೂಪ. ಇವಳು 21 ದಿನ, ಕಾಳು ನೀರಿಗೆ ಬಿಟ್ಟರೆ, ಬುಟ್ಟಿ ಬಿಟ್ಟು ಏಳುವುದಿಲ್ಲ. ಹದ್ದಿನ ನೆರಳು ಕಂಡರೆ ಮೊದಲು ಕೂಗುವವಳೂ ಇವಳೇ.

ಒಂದು ದಿನದ ಮರಿ ತರಬೇಡಿ. ಊರು ಬಿಸಿ ಇದ್ದರೂ ಅವಕ್ಕೆ ರಾತ್ರಿ ಬಲ್ಬಿನ ಶಾಖ ಬೇಕು. ರಸ್ತೆ ಬದಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳಂತೂ ಹೆಚ್ಚಾಗಿ ಹ್ಯಾಚರಿಯವರು ಬೇಡವೆಂದು ಬಿಟ್ಟ ಗಂಡುಮರಿಗಳು. ಐದಾರು ವಾರದವನ್ನು ತನ್ನಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಕೈಗೆ ಎತ್ತಿಕೊಂಡು ಎದೆ ಮೂಳೆ ಚಾಕುವಿನಂತೆ ಚುಚ್ಚುತ್ತದೆಯೇ, ಹಿಂಭಾಗದ ಗರಿ ಮೆತ್ತಿಕೊಂಡಿದೆಯೇ ನೋಡಿ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ತಂದರೆ ಬೇಸಿಗೆಗೆ ಮೊದಲು ಬಲಿತಿರುತ್ತವೆ.

ಬೇಸಿಗೆಯಲ್ಲಿ ಕಾಳು ಹೊತ್ತು ಏರುವ ಮೊದಲು ಮತ್ತು ಸಂಜೆ. ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ, ಮಧ್ಯಾಹ್ನ ಮತ್ತೊಮ್ಮೆ ಬದಲಿಸಿ. ಮೊಟ್ಟೆ ಸಿಪ್ಪೆ ತೆಳುವಾದರೆ ಔಷಧಿಗೆ ಓಡಬೇಡಿ. ಇಲ್ಲಿ ಎಲ್ಲರ ಮನೆಯಲ್ಲೂ ತಿಸ್ರ್ಯೊ (ಮರುವಾಯಿ, ಚಿಪ್ಪುಮೀನು) ತಿಂದು ಚಿಪ್ಪು ಎಸೆಯುತ್ತಾರೆ. ಅದನ್ನೇ ತೊಳೆದು, ಬಿಸಿಲಿಗೆ ಒಣಗಿಸಿ, ಒರಳಲ್ಲಿ ಜಜ್ಜಿ ಒಂದು ಬಟ್ಟಲಲ್ಲಿ ಇಡಿ. ಬೇಕಾದಷ್ಟು ಅವೇ ಹೆಕ್ಕಿಕೊಳ್ಳುತ್ತವೆ.

ಹುಬ್ಬಳ್ಳಿ ಹುಡುಗಿ ಎಲ್ಲಾ ಕೇಳಿ, "ಹುಂಜಾ ಬ್ಯಾಡೇನ್ರಿ ಕಾಕೂ? ಇಲ್ಲಂದ್ರ ತತ್ತಿ ಹೆಂಗ ಇಡ್ತಾವು?" ಅಂದಳು. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸಲು ಮಾತ್ರ ಬೇಕು. ಜವಾರಿಯನ್ನು ಕಾವಿಗೆ ಕೂರಿಸುವಾಗ ಹುಂಜ ಇರುವವರ ಮನೆಯಿಂದ ಮೊಟ್ಟೆ ತಂದಿಟ್ಟರಾಯಿತು. ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗಲು ಶುರು ಮಾಡುತ್ತದೆ, ಹಾಗಾಗಿ ಮೊದಲು ಪಕ್ಕದ ಮನೆಯವರನ್ನು ಕೇಳಬೇಕು ಅಂದೆ. ಪಕ್ಕದ ಮನೆ ನಮ್ಮದೇ. ಬ್ಯಾಡ ಅಂತ ಅಲ್ಲೇ ಹೇಳಿಬಿಟ್ಟೆ.