ಶೇಕ್ ಟೇಬಲ್ ಮೇಲೆ ರಿಲೇ ಚಾಟರ್ ಆಗುತ್ತಿದ್ದರೆ ಪ್ಲೇಟ್ ನೋಡಿ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾವು ಅಣು ವಿದ್ಯುತ್ ಸ್ಥಾವರದ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಭೂಕಂಪದ ಹಾಗೆ ಅಲುಗಿಸುವ ಶೇಕ್ ಟೇಬಲ್ ಮೇಲಿನ ಪರೀಕ್ಷೆಯಲ್ಲಿ ಪ್ಯಾನೆಲ್ ಗಟ್ಟಿಯಾಗಿಯೇ ನಿಂತಿತ್ತು, ಒಂದು ವೆಲ್ಡಿಂಗೂ ಬಿಟ್ಟಿರಲಿಲ್ಲ. ಆದರೆ ಒಂದು ರಿಲೇಯ (ಕಾಯಿಲ್‌ನಿಂದ ನಡೆಯುವ ಸ್ವಿಚ್) ಎನ್‌ಸಿ ಕಾಂಟ್ಯಾಕ್ಟ್, ಅಂದರೆ ಕಾಯಿಲ್‌ಗೆ ಸಪ್ಲೈ ಇಲ್ಲದಾಗ ಮುಚ್ಚಿರಬೇಕಾದ ಕಾಂಟ್ಯಾಕ್ಟ್, 2 ಮಿಲಿಸೆಕೆಂಡ್‌ಗಿಂತ ಜಾಸ್ತಿ ತೆರೆದುಕೊಳ್ಳುತ್ತಿತ್ತು; ಇದೇ ಚಾಟರ್. ಭೂಮಿ ನಡುಗುವಾಗ ಬೇಕಾದ ಪಂಪೇ ಸುಮ್ನೆ ಟ್ರಿಪ್ ಆದರೆ ಪ್ಯಾನೆಲ್ ನಿಂತಿದ್ದು ಏನು ಪ್ರಯೋಜನ, ಅಲ್ವಾ?

ರಿಲೇ ಬದಲಿಸಿದೆವು, ಅದೇ ಕಥೆ. ತಳದ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿದೆವು. ರಿಲೇ ಕೆಳಗೆ ರಬ್ಬರ್ ವಾಷರ್ ಹಾಕಿದರೆ ಚಾಟರ್ ಇನ್ನೂ ಜಾಸ್ತಿ.

ದಾರಿ ಸಿಕ್ಕಿದ್ದು ಅಲುಗಾಟ ಅಳೆಯುವ ಆಕ್ಸಿಲರೋಮೀಟರನ್ನು ಫ್ರೇಮಿನ ತಲೆಯಿಂದ ತೆಗೆದು ರಿಲೇ ಪಕ್ಕದಲ್ಲೇ ಅಂಟಿಸಿದಾಗ. ಕಂಪನದ ಹರ್ಟ್ಜನ್ನು ನಿಧಾನವಾಗಿ ಏರಿಸುತ್ತಾ ಹೋಗುವ ಸೈನ್ ಸ್ವೀಪ್ ಮಾಡಿ: 0.1 ಜಿ (ಗುರುತ್ವದ ಹತ್ತನೇ ಒಂದು ಭಾಗ), 1ರಿಂದ 50 ಹರ್ಟ್ಜ್, ನಿಮಿಷಕ್ಕೆ 1 ಆಕ್ಟೇವ್ (ಅಂದರೆ ನಿಮಿಷಕ್ಕೆ ಹರ್ಟ್ಜ್ ಎರಡು ಪಟ್ಟು). ಮೂರೂ ದಿಕ್ಕಿಗೆ ಬೇರೆ ಬೇರೆಯಾಗಿ ಓಡಿಸಿ. ಹಿಂದೆ ಮುಂದೆ ಅಲುಗಿಸುವಾಗ, 14 ಹರ್ಟ್ಜ್ ಬರುತ್ತಿದ್ದಂತೆ ರಿಲೇ ಕೂರಿಸಿದ ಪ್ಲೇಟಿನ ನಡುಭಾಗ ತಮಟೆಯ ಚರ್ಮದ ಹಾಗೆ ಹೊಡೆದುಕೊಂಡಿತು. ಸ್ಕ್ರೂ ತೂತಿನ ಸುತ್ತ ಪೇಂಟ್ ಉಜ್ಜಿಹೋಗಿ ಕಬ್ಬಿಣ ಮಿಂಚುತ್ತಿತ್ತು.

2 ಮಿಮೀ ಪ್ಲೇಟಿನ ಹಿಂದೆ ಅಡ್ಡಕ್ಕೆ 40×40×5 ಆಂಗಲ್ ಕೊಟ್ಟು, ಎರಡೂ ತುದಿಯನ್ನು ಫ್ರೇಮಿಗೇ ಬೋಲ್ಟ್ ಮಾಡಿದೆವು. ರಿಲೇಯನ್ನು ನಡುವಿನಿಂದ ಅಂಚಿಗೆ ತಂದೆವು. ರಬ್ಬರ್ ತೆಗೆದೆವು. ಮತ್ತೆ ಸ್ವೀಪ್ ಮಾಡಿ, 33 ಹರ್ಟ್ಜ್ ತನಕ ಅಲುಗಾಟ ಏಕಾಏಕಿ ಏರುವ ಯಾವ ಪೀಕೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಮುಂದಕ್ಕೆ ಹೋಗಿ. ಮೊದಲು 5 ಓಬಿಇ (ಸ್ಥಾವರ ನಡೆಯುತ್ತಲೇ ತಡೆದುಕೊಳ್ಳಬೇಕಾದ ಮಟ್ಟದ ಭೂಕಂಪ), ಆಮೇಲೆ 1 ಎಸ್‌ಎಸ್‌ಇ (ಸ್ಥಾವರವನ್ನು ಸುರಕ್ಷಿತವಾಗಿ ನಿಲ್ಲಿಸಲು ಆಗಲೇಬೇಕಾದ, ಇನ್ನೂ ದೊಡ್ಡ ಭೂಕಂಪ). ಕಾಯಿಲ್‌ಗೆ ಸಪ್ಲೈ ಇದ್ದಾಗಲೂ ಇಲ್ಲದಾಗಲೂ ಕಾಂಟ್ಯಾಕ್ಟ್ ರೆಕಾರ್ಡ್ ಮಾಡಿ. ಸಾಮಾನ್ಯವಾಗಿ ಸಪ್ಲೈ ಇಲ್ಲದಾಗಲೇ ಎನ್‌ಸಿ ಕಾಂಟ್ಯಾಕ್ಟ್ ಬೇಗ ಬಿಡುವುದು.